ಹಳೆಯ ಗೊಂಬೆ ಬಟ್ಟೆಗಳನ್ನು ಮಾರುವ ಮೊದಲು ಶುಚಿಗೊಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರುವ ಮೊದಲು ಬಟ್ಟೆಯನ್ನು ತೊಳೆಯಲೇಬೇಕೇ?

ತೊಳೆಯಲೇಬೇಕೆಂಬ ನಿಯಮವಿಲ್ಲ. ಹಳೆಯ ಗೊಂಬೆ ಬಟ್ಟೆಗಳನ್ನು ಸಂಗ್ರಹಿಸುವವರಲ್ಲಿ ಅನೇಕರು ಕೊಳೆಯಿರುವ ಆದರೆ ಮೂಲ ಬಣ್ಣ, ಗಡಸು, ಹೊಳಪು ಉಳಿದಿರುವ ಉಡುಪನ್ನೇ ಇಷ್ಟಪಡುತ್ತಾರೆ. ಬೇಕೆನಿಸಿದರೆ ತಾವೇ ತೊಳೆದುಕೊಳ್ಳಬಹುದು. ಬೇರೆಯವರು ತೊಳೆದು ಕಳೆದ ಬಣ್ಣವನ್ನು ಮರಳಿ ತರುವುದು ಮಾತ್ರ ಯಾರಿಂದಲೂ ಆಗದು ಎಂಬುದು ಅವರಿಗೆ ಗೊತ್ತಿದೆ. ಆದುದರಿಂದ ಪ್ರತಿಯೊಂದು ಉಡುಪಿನ ಮುಂದೆಯೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇದನ್ನು ಹೀಗೆಯೇ ಬಿಟ್ಟರೆ ಬಟ್ಟೆಗೆ ಹಾನಿಯಾಗುತ್ತದೆಯೇ ಎಂಬುದು. ಬೆವರು, ಎಣ್ಣೆ, ಸಿಹಿ ಪದಾರ್ಥಗಳ ಕಲೆ ಮತ್ತು ಬೂಷ್ಟು ನೂಲನ್ನು ತಿನ್ನುತ್ತಲೇ ಇರುತ್ತವೆ, ಹುಳುಗಳನ್ನೂ ಕರೆಯುತ್ತವೆ. ಇವನ್ನು ತೆಗೆಯುವುದು ಸರಿ. ಕಾಲಕ್ರಮದಲ್ಲಿ ಬಂದ ತುಸು ಹಳದಿ ಛಾಯೆ ಮತ್ತು ಮಡಿಕೆಯ ಗುರುತುಗಳನ್ನು ಇದ್ದಂತೆಯೇ ಬಿಟ್ಟು, ಮಾರಾಟದ ವಿವರಣೆಯಲ್ಲಿ ಹೇಳಿದರೆ ಸಾಕು.

ಬಟ್ಟೆ ಕೈಗೆ ಬಂದ ಕೂಡಲೇ ಏನು ಮಾಡಬೇಕು?

ಬಟ್ಟೆಯನ್ನು ಗೊಂಬೆಯ ಮೈಯಿಂದ ನಿಧಾನವಾಗಿ ಬಿಚ್ಚಿ, ಒಳಗೂ ಹೊರಗೂ ಛಾಯಾಚಿತ್ರ ತೆಗೆದುಕೊಳ್ಳಬೇಕು. ಅನಂತರ ಬಿಳಿಯ ಕಾಗದದ ಮೇಲೆ ಹರಡಿ, ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಬೇಕು. ಹೊಲಿಗೆ ಬಿಟ್ಟಿರುವ ಕಡೆ, ನೂಲು ಸವೆದು ತೆಳುವಾದ ಕಡೆ, ಹುಳು ಕಡಿದ ಸಣ್ಣ ತೂತು, ಪ್ರೆಸ್ ಬಟನ್ನಿನ ಸುತ್ತ ಮೂಡಿದ ಕಂದು ಅಥವಾ ಹಸಿರು ವರ್ತುಲ, ಇವೆಲ್ಲವನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರೆ ಮೇಲಿನಿಂದ ಕಾಣದ ಸವೆತವೂ ಕಾಣುತ್ತದೆ. ಕೆಳಅಂಚಿನ ಮಡಿಕೆಯೊಳಗೆ ಎಷ್ಟೋ ವರ್ಷಗಳ ಧೂಳು, ಮರಳು, ಕೂದಲೆಳೆ ಸೇರಿಕೊಂಡಿರುತ್ತವೆ. ಒದ್ದೆಯಾದ ಕೂಡಲೇ ಅದು ಕೆಸರಿನ ಗೆರೆಯಾಗಿ ಹೊರಗೆ ಇಳಿಯುವುದರಿಂದ, ನೀರು ತಾಕಿಸುವ ಮೊದಲೇ ಮೃದುವಾದ ಬಣ್ಣದ ಕುಂಚದಿಂದ ಅದನ್ನು ಗುಡಿಸಿ ತೆಗೆಯಬೇಕು. ಗಟ್ಟಿಮುಟ್ಟಾದ ಬಟ್ಟೆಯಾದರೆ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳುವಾದ ನೈಲಾನ್ ಬಲೆ ಕಟ್ಟಿ, ಅತಿ ಕಡಿಮೆ ವೇಗದಲ್ಲಿ ಧೂಳನ್ನು ಎಳೆಯಬಹುದು. ಅನೇಕ ಉಡುಪುಗಳಿಗೆ ಇಷ್ಟೇ ಸಾಕಾಗುತ್ತದೆ.

ಯಾವ ನೂಲಿನ ಬಟ್ಟೆಯೆಂದು ತಿಳಿಯುವುದು ಹೇಗೆ?

ಹಳೆಯ ಗೊಂಬೆ ಬಟ್ಟೆಗಳಲ್ಲಿ ತೊಳೆಯುವ ಸೂಚನೆಯ ಪಟ್ಟಿ ಇರುವುದು ಅಪರೂಪ. ಬಟ್ಟೆ ಯಾವ ಕಾಲದ್ದೆಂದು ಅಂದಾಜು ಮಾಡಿದರೆ ಅರ್ಧ ಉತ್ತರ ಸಿಕ್ಕಂತೆ. ನೈಲಾನ್ ಸಾರ್ವಜನಿಕವಾಗಿ ಪ್ರಕಟವಾದದ್ದು 1938ರಲ್ಲಿ, ಪಾಲಿಯೆಸ್ಟರ್ ನೂಲು ರೂಪುಗೊಂಡದ್ದು 1941ರಲ್ಲಿ. ಅದಕ್ಕಿಂತ ಹಿಂದಿನ ಉಡುಪು ಹತ್ತಿ, ಲಿನನ್, ಉಣ್ಣೆ, ರೇಷ್ಮೆ, ಇಲ್ಲವೇ ಸಸ್ಯದ ನಾರಿನಿಂದ ರಾಸಾಯನಿಕವಾಗಿ ತಯಾರಿಸಿದ ರೇಯಾನ್ ಅಥವಾ ಅಸಿಟೇಟ್ ಆಗಿರಬೇಕು. ಇಪ್ಪತ್ತನೆಯ ಶತಮಾನದ ನಡುಭಾಗದ ಗೊಂಬೆಗಳ ಹೊಳೆಯುವ, ಸರಸರ ಸದ್ದು ಮಾಡುವ ಟ್ಯಾಫೆಟಾ ಮತ್ತು ಸ್ಯಾಟಿನ್ ಉಡುಪುಗಳಲ್ಲಿ ಬಹಳಷ್ಟು ಅಸಿಟೇಟ್ ಅಥವಾ ರೇಯಾನ್‌ನವು. ನೋಟಕ್ಕೆ ರೇಷ್ಮೆಯಂತಿದ್ದರೂ ಅವುಗಳ ಗುಣ ಬೇರೆ. ಅಸಿಟೇಟ್ ಬಟ್ಟೆ ಅಸಿಟೋನಿನಲ್ಲಿ ಕರಗಿಹೋಗುತ್ತದೆ. ಉಗುರು ಬಣ್ಣ ತೆಗೆಯುವ ದ್ರಾವಣ ತಾಕಿದ ಜಾಗದಲ್ಲಿ ತೂತೇ ಬೀಳಬಹುದು. ರೇಯಾನ್ ಒದ್ದೆಯಾದಾಗ ತನ್ನ ಬಲದಲ್ಲಿ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ, ಆದ್ದರಿಂದ ಒಣಗಿದ್ದಾಗ ಗಟ್ಟಿಯಾಗಿ ಕಂಡ ಹೊಲಿಗೆ ನೀರಿನಲ್ಲಿ ಸುಲಭವಾಗಿ ಹರಿಯುತ್ತದೆ. ಇನ್ನು ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತರ ಆರಂಭದ ಎಷ್ಟೋ ರೇಷ್ಮೆಗಳಿಗೆ ತೂಕ ಬರಲೆಂದು ತವರದಂತಹ ಲೋಹಗಳ ಲವಣವನ್ನು ಉಣಿಸಲಾಗಿತ್ತು. ಅಂಥ ರೇಷ್ಮೆ ಮಡಿಕೆಯ ಉದ್ದಕ್ಕೂ ಸೀಳಿ ಪುಡಿಯಾಗುತ್ತದೆ. ಪಿಂಗಾಣಿ ಮುಖದ ಹಳೆಯ ಗೊಂಬೆಯ ರೇಷ್ಮೆ ಉಡುಪಿನಲ್ಲಿ ಇಂಥ ಸೀಳುಗಳು ಕಂಡರೆ ನೀರಿನ ಯೋಚನೆಯನ್ನೇ ಬಿಡಬೇಕು.

ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸುವುದು ಹೇಗೆ?

ಒಳಹೊಲಿಗೆಯ ಅಂಚಿನಲ್ಲಿ ಒಂದು ಹನಿ ನೀರಿಟ್ಟು, ಅದು ಇಂಗಿದ ಮೇಲೆ ಬಿಳಿಯ ಹತ್ತಿ ಕಡ್ಡಿಯಿಂದ ಒತ್ತಿ ನೋಡಬೇಕು. ಉಜ್ಜಬಾರದು, ಒತ್ತಿದರೆ ಸಾಕು. ಅನಂತರ ನೀವು ಬಳಸಲಿರುವ ಸಾಬೂನಿನ ನೀರಿನಿಂದಲೂ ಇದೇ ಪರೀಕ್ಷೆ ಮಾಡಬೇಕು, ಏಕೆಂದರೆ ಬರಿಯ ನೀರಿಗೆ ಬಿಡದ ಬಣ್ಣ ಸಾಬೂನಿಗೆ ಬಿಡುವುದುಂಟು. ಉಡುಪಿನಲ್ಲಿರುವ ಪ್ರತಿಯೊಂದು ಬಣ್ಣಕ್ಕೂ, ಕಸೂತಿಯ ದಾರಕ್ಕೂ, ಅಂಚಿನ ಪಟ್ಟಿಗೂ, ಒಳಪದರಕ್ಕೂ ಬೇರೆ ಬೇರೆಯಾಗಿ ಪರೀಕ್ಷೆ ಆಗಬೇಕು. ಬಿಳಿಯ ಉಡುಪಿನ ಮೇಲಿನ ಒಂದೇ ಒಂದು ಕೆಂಪು ರಿಬ್ಬನ್ ಇಡೀ ಉಡುಪನ್ನು ಗುಲಾಬಿಯಾಗಿಸಬಲ್ಲದು. ಹತ್ತಿಯ ಮೇಲೆ ಬಣ್ಣದ ಸುಳಿವು ಕಂಡರೂ ಆ ಬಟ್ಟೆ ನೀರಿಗೆ ಹೋಗಬಾರದು. ಉಪ್ಪು ಅಥವಾ ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ಹಳೆಯ ಉಡುಪಿನ ಮೇಲೆ ನಂಬಿ ಮುಂದುವರಿಯುವುದು ಬೇಡ.

ಯಾವ ಉಡುಪುಗಳನ್ನು ನೀರಿಗೆ ಹಾಕಲೇಬಾರದು?

ತೂಕ ಉಣಿಸಿದ ರೇಷ್ಮೆ, ಮಖಮಲ್ಲು, ಉಣ್ಣೆಯನ್ನು ಒತ್ತಿ ಮಾಡಿದ ಫೆಲ್ಟ್, ತುಪ್ಪಳ, ಚರ್ಮ, ಹುಲ್ಲಿನ ಟೋಪಿ, ರಟ್ಟು ಇಟ್ಟು ಹೊಲಿದ ಟೋಪಿ ಮತ್ತು ಪಟ್ಟಿಗಳು, ಲೋಹದ ಜರಿ, ಅಂಟಿನಿಂದ ಕೂರಿಸಿದ ಹೊಳಪು ಪುಡಿ ಅಥವಾ ಚುಕ್ಕೆಗಳಿರುವ ಬಟ್ಟೆ, ಇವೆಲ್ಲವನ್ನೂ ನೀರಿಲ್ಲದೆ, ಮೃದುವಾದ ಕುಂಚದಿಂದ ಒಣದಾಗಿಯೇ ಶುಚಿಗೊಳಿಸಬೇಕು. ಫೆಲ್ಟ್ ಬಟ್ಟೆಯ ಮಾತು ಬಂದಾಗ, 1919ರಲ್ಲಿ ಇಟಲಿಯ ತುರಿನ್ ನಗರದಲ್ಲಿ ಆರಂಭವಾದ ಲೆಂಚಿ ಸಂಸ್ಥೆಯ ಗೊಂಬೆಗಳನ್ನು ನೆನೆಯಬೇಕು. ಅವುಗಳ ಮೈಯೂ ಉಡುಪೂ ಬಹುಮಟ್ಟಿಗೆ ಫೆಲ್ಟಿನವೇ ಆಗಿದ್ದು, ನೀರು ತಾಕಿದರೆ ಕುಗ್ಗಿ ಆಕಾರ ಕೆಡುತ್ತವೆ.

ಮಿನುಗು ಬಿಲ್ಲೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. 1920 ಮತ್ತು 30ರ ದಶಕಗಳಲ್ಲಿ ಬಿಲ್ಲೆಗಳನ್ನು ಜೆಲಾಟಿನ್‌ನಿಂದಲೂ ಮಾಡುತ್ತಿದ್ದರು. ಬೆಚ್ಚನೆಯ ನೀರಿನಲ್ಲಿ ಅವು ಕರಗಿ ಬಟ್ಟೆಗೆ ಅಂಟಾಗಿ ಮೆತ್ತಿಕೊಳ್ಳುತ್ತವೆ, ಇಸ್ತ್ರಿಯ ಬಿಸಿಗೂ ಹಾಗೆಯೇ ಆಗುತ್ತದೆ. ಆ ಕಾಲದ ಬಿಲ್ಲೆಯ ಉಡುಪಾದರೆ ಒದ್ದೆ ಬಟ್ಟೆಯಿಂದ ಒರೆಸುವುದೂ ಬೇಡ.

ನೀರಿನಲ್ಲಿ ತೊಳೆಯಬಹುದಾದ ಉಡುಪನ್ನು ಹೇಗೆ ತೊಳೆಯಬೇಕು?

ಗಟ್ಟಿಯಾದ ಹತ್ತಿ, ಲಿನನ್, ನೈಲಾನ್ ಮತ್ತು ಪಾಲಿಯೆಸ್ಟರ್ ಬಟ್ಟೆಗಳಿಗೆ ಈ ಕ್ರಮ ಹೊಂದುತ್ತದೆ. ಹರಿದಿರುವ ಜಾಗವನ್ನು ಮೊದಲು ಬಿಳಿಯ ದಾರದಿಂದ ಸಡಿಲವಾಗಿ ಟಾಕು ಹಾಕಿ ಭದ್ರಪಡಿಸಬೇಕು. ನೆರಿಗೆಗಳಿದ್ದರೆ ಅವನ್ನೂ ಹಾಗೆಯೇ ಟಾಕಿ ಹಿಡಿದುಕೊಂಡರೆ ಒಣಗಿದ ಮೇಲೆ ಮೂಲದ ಗೆರೆಯಲ್ಲೇ ಕೂರುತ್ತವೆ. ಪ್ರೆಸ್ ಬಟನ್ನು ಮತ್ತು ಹುಕ್ಕುಗಳನ್ನು ಬಿಚ್ಚಿಡಬೇಕು. ಮುಚ್ಚಿಟ್ಟರೆ ಅವುಗಳ ನಡುವೆ ನೀರು ನಿಂತು ತುಕ್ಕು ಹಿಡಿಯುತ್ತದೆ.

ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಬ್ಲೀಚ್ ಮತ್ತು ಬಿಳುಪು ಹೆಚ್ಚಿಸುವ ರಾಸಾಯನಿಕಗಳಿಲ್ಲದ, ಕ್ಷಾರವೂ ಆಮ್ಲವೂ ಅಲ್ಲದ ದ್ರವ ಸಾಬೂನಿನ ಕೆಲವೇ ಹನಿಗಳನ್ನು ಬೆರೆಸಬೇಕು. ಬಟ್ಟೆಯನ್ನು ನೈಲಾನ್ ಬಲೆಯ ತುಂಡಿನ ಮೇಲೆ ಮಲಗಿಸಿ, ಬಲೆಯ ಸಮೇತ ನೀರಿಗೆ ಇಳಿಸಿ, ಬಲೆಯ ಸಮೇತವೇ ಎತ್ತಬೇಕು. ಒದ್ದೆ ಬಟ್ಟೆಗೆ ತನ್ನ ತೂಕವೇ ಶತ್ರು. ಭುಜದ ಹೊಲಿಗೆಯನ್ನು ಹಿಡಿದು ಎತ್ತಿದರೆ ಆ ಎಳೆತವೆಲ್ಲ ನಾಲ್ಕಾರು ಎಳೆಗಳ ಮೇಲೆ ಬೀಳುತ್ತದೆ. ನೀರಿನೊಳಗೆ ಬೆರಳ ತುದಿಯಿಂದ ಮೆಲ್ಲನೆ ಒತ್ತುತ್ತಾ ಹತ್ತರಿಂದ ಹದಿನೈದು ನಿಮಿಷ ಬಿಟ್ಟರೆ ನೀರು ಹಳದಿಯಾಗುತ್ತದೆ; ಅದನ್ನು ಚೆಲ್ಲಿ ಹೊಸ ನೀರಿನಲ್ಲಿ ಮತ್ತೆ ಮಾಡಬಹುದು. ಲೋಹದ ಗುಂಡಿಗಳಿರುವ ಉಡುಪನ್ನು ರಾತ್ರಿಯಿಡೀ ನೆನೆಸಿಡುವ ಅಭ್ಯಾಸ ಮಾತ್ರ ಖಂಡಿತ ಸಲ್ಲದು.

ಜಾಲಿಸುವ ಕೆಲಸದಲ್ಲಿ ಜಿಪುಣತನ ಬೇಡ. ಉಳಿದ ಸಾಬೂನು ಮುಂದೆ ಹಳದಿ ಕಲೆಯಾಗುತ್ತದೆ. ನೊರೆಯ ಸುಳಿವೂ ಇಲ್ಲದಾಗುವ ತನಕ ನೀರು ಬದಲಿಸಿ, ಕೊನೆಯ ನೀರಿಗೆ ಬಟ್ಟಿ ಇಳಿಸಿದ ನೀರನ್ನು ಬಳಸಿದರೆ, ಗಡಸು ನೀರಿನಲ್ಲಿರುವ ಸುಣ್ಣ ಮತ್ತು ಕಬ್ಬಿಣದ ಅಂಶ ಬಟ್ಟೆಯಲ್ಲಿ ಉಳಿಯುವುದಿಲ್ಲ. ಹಿಂಡದೆ, ಎರಡು ಬಿಳಿ ಟವೆಲುಗಳ ನಡುವೆ ಇಟ್ಟು ಅಂಗೈಯಿಂದ ಒತ್ತಿ ನೀರು ತೆಗೆಯಬೇಕು. ಆಮೇಲೆ ಒಣ ಟವೆಲಿನ ಮೇಲೆ ಚಪ್ಪಟೆಯಾಗಿ ಹರಡಿ, ಕಾಲರು, ತೋಳು, ಲೇಸಿನ ತುದಿಗಳನ್ನು ಬೆರಳಿನಿಂದ ನೇರಮಾಡಿ ನೆರಳಿನಲ್ಲಿ ಒಣಗಿಸಬೇಕು. ಗುಂಡಿಗಳ ಬುಡದ ತೇವವನ್ನು ಹತ್ತಿ ಕಡ್ಡಿಯಿಂದ ಹೀರಿ, ಕೂದಲು ಒಣಗಿಸುವ ಯಂತ್ರದ ತಣ್ಣನೆಯ ಗಾಳಿ ಹಿಡಿದರೆ ತುಕ್ಕಿಗೆ ಸಮಯ ಸಿಗುವುದಿಲ್ಲ.

ಬಿಳಿಯ ಬಟ್ಟೆ ಹಳದಿಯಾಗಿದ್ದರೆ ಬ್ಲೀಚ್ ಹಾಕಬಹುದೇ?

ಕ್ಲೋರಿನ್ ಬ್ಲೀಚ್ ಹಾಕಬಾರದು. ಅದು ರೇಷ್ಮೆ ಮತ್ತು ಉಣ್ಣೆಯನ್ನು ಹಳದಿಯಾಗಿಸಿ ಕರಗಿಸುತ್ತದೆ, ಹಳೆಯ ಹತ್ತಿಯನ್ನು ಪುಡಿಯಾಗುವಷ್ಟು ದುರ್ಬಲಗೊಳಿಸುತ್ತದೆ, ತುಕ್ಕಿನ ಕಲೆಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಬಿಳಿಯ, ಗಟ್ಟಿಯಾದ ಹತ್ತಿ ಅಥವಾ ಲಿನನ್‌ಗೆ ಸೋಡಿಯಂ ಪರ್ಕಾರ್ಬೊನೇಟ್ ಇರುವ ಆಮ್ಲಜನಕ ಬ್ಲೀಚ್ ಬಳಸಬಹುದು. ಇದು ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಸೋಡಿಯಂ ಕಾರ್ಬೊನೇಟ್ ಆಗಿ ಬೇರ್ಪಡುತ್ತದೆ. ದ್ರಾವಣ ಕ್ಷಾರವಾಗಿರುವುದರಿಂದ ರೇಷ್ಮೆಗೂ ಉಣ್ಣೆಗೂ ಇದು ಆಗದು.

ಇಲ್ಲೊಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ. ಕಬ್ಬಿಣ ಮತ್ತು ತಾಮ್ರ ಪೆರಾಕ್ಸೈಡಿನ ಕ್ರಿಯೆಯನ್ನು ಒಂದೇ ಜಾಗದಲ್ಲಿ ವಿಪರೀತವಾಗಿ ವೇಗಗೊಳಿಸುತ್ತವೆ. ತುಕ್ಕು ಹಿಡಿದ ಪ್ರೆಸ್ ಬಟನ್ನಿರುವ ಬಿಳಿ ಉಡುಪನ್ನು ಆಮ್ಲಜನಕ ಬ್ಲೀಚಿನಲ್ಲಿ ನೆನೆಸಿದರೆ, ಕಲೆ ಹೋಗುವುದರ ಬದಲು ಗುಂಡಿಯ ಸುತ್ತಲಿನ ನೂಲೇ ತಿಂದುಹೋಗಿ, ಗುಂಡಿ ಒಂದು ತೂತಿನ ನಡುವೆ ಉಳಿಯುವ ಸಂಭವವಿದೆ. ಮೊದಲು ತುಕ್ಕಿನ ಕೆಲಸ ಮುಗಿಯಬೇಕು. ಲೋಹದ ಭಾಗಗಳು ದ್ರಾವಣಕ್ಕೆ ತಾಕಬಾರದು.

ಇನ್ನೊಂದು ವಿಚಾರ ಮಾರಾಟಕ್ಕೇ ಸಂಬಂಧಿಸಿದ್ದು. ಇಂದಿನ ಬಹುತೇಕ ಸಾಬೂನು ಪುಡಿಗಳಲ್ಲಿ ಬಟ್ಟೆಯನ್ನು ಬೆಳ್ಳಗೆ ಕಾಣಿಸುವ ಪ್ರಜ್ವಲಕ ರಾಸಾಯನಿಕಗಳಿರುತ್ತವೆ. ಅವು ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಅನುಭವಿ ಸಂಗ್ರಾಹಕರು ಹಳೆಯ ಬಟ್ಟೆಯನ್ನು ಪರೀಕ್ಷಿಸುವುದು ಇದೇ ಬೆಳಕಿನ ಟಾರ್ಚಿನಿಂದ. ಇಂಥ ಪುಡಿಯಿಂದ ತೊಳೆದರೆ ನಿಜವಾಗಿಯೂ ಹಳೆಯದಾದ ಉಡುಪು ಅವರ ಕಣ್ಣಿಗೆ ಹೊಸ ನಕಲಿನಂತೆ ಕಾಣುತ್ತದೆ, ಆ ಗುಮಾನಿಯನ್ನು ಮಾತಿನಿಂದ ಕಳೆಯುವುದು ಕಷ್ಟ.

ಪ್ರೆಸ್ ಬಟನ್ನು, ಹುಕ್ಕುಗಳ ತುಕ್ಕು ಮತ್ತು ಕಿಲುಬನ್ನು ತೆಗೆಯುವುದು ಹೇಗೆ?

ಕಂದು ಬಣ್ಣದ್ದು ಕಬ್ಬಿಣದ ತುಕ್ಕು, ಹಸಿರು ಬಣ್ಣದ್ದು ಹಿತ್ತಾಳೆ ಅಥವಾ ತಾಮ್ರದ ಕಿಲುಬು. ಮೇಲಿನ ಲೇಪ ಸವೆದು ಒಳಗಿನ ಹಿತ್ತಾಳೆ ಗಾಳಿಗೆ ತೆರೆದುಕೊಂಡಾಗ ಕಿಲುಬು ಹುಟ್ಟುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅದು ಗುಂಡಿಯ ಅಂಚಿನಲ್ಲೂ, ಹೊಲಿದ ದಾರದ ರಂಧ್ರಗಳಲ್ಲೂ ಮೇಣದಂತೆ ಮೆತ್ತಿಕೊಂಡಿರುತ್ತದೆ. ಗುಂಡಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ತೂರಿಸಿ ಬಟ್ಟೆಯನ್ನು ಕಾಪಾಡಿಕೊಂಡು, ಮೊದಲು ಮರದ ಹಲ್ಲುಕಡ್ಡಿಯಿಂದ ಒಣದಾಗಿಯೇ ಕೆರೆಯಬೇಕು. ಉಳಿದದ್ದನ್ನು ಬಿಳಿ ವಿನೆಗರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿ ಕಡ್ಡಿಯಿಂದ ಒರೆಸಿ, ಒಡನೆಯೇ ನೀರಿನ ಕಡ್ಡಿಯಿಂದ ಒರೆಸಿ, ಒಣಗಿಸಬೇಕು. ಕಿಲುಬು ನೂಲಿನೊಳಕ್ಕೆ ಇಳಿದಿದ್ದರೆ ಪೂರ್ತಿಯಾಗಿ ಹೋಗುವ ಭರವಸೆ ಇಟ್ಟುಕೊಳ್ಳಬಾರದು.

ಬಿಳಿ ಹತ್ತಿ ಅಥವಾ ಲಿನನ್ ಮೇಲಿನ ತುಕ್ಕಿನ ಕಲೆಗೆ ನಿಂಬೆರಸ ಸಾಕಾಗುತ್ತದೆ. ಅದರ ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಕರಗಿಸುತ್ತದೆ. ರಸವನ್ನು ಕಲೆಯ ಮೇಲಷ್ಟೇ ಹಚ್ಚಿ, ಒಣಗುವ ಮೊದಲೇ ಮತ್ತೆ ಮತ್ತೆ ನೀರಿನಿಂದ ತೊಳೆದು ತೆಗೆಯಬೇಕು, ಏಕೆಂದರೆ ಬಟ್ಟೆಯಲ್ಲೇ ಒಣಗಿದ ಆಮ್ಲ ಗಾಢವಾಗಿ ಹತ್ತಿಯ ನೂಲನ್ನು ಕೊರೆಯುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹಾಕುವ ರೂಢಿ ಗಟ್ಟಿ ಬಟ್ಟೆಗೆ ಸರಿಹೋಗಬಹುದು, ಹಳೆಯ ಗೊಂಬೆಯ ಬಟ್ಟೆಗೆ ಅದು ಅತಿಯಾಯಿತು. ಬಣ್ಣದ ಬಟ್ಟೆಯ ಮೇಲೆ ನಿಂಬೆರಸ ಬಣ್ಣವನ್ನೇ ಬದಲಿಸಬಹುದು.

ರಕ್ತ, ಎಣ್ಣೆ, ಶಾಯಿಯ ಕಲೆಗಳಿಗೆ?

ರಕ್ತಕ್ಕೆ ತಣ್ಣೀರು, ಬಿಸಿನೀರು ಅದನ್ನು ನೂಲಿಗೆ ಬೇಯಿಸಿ ಅಂಟಿಸುತ್ತದೆ. ಎಣ್ಣೆಯ ಕಲೆ ಹೊಸದಾಗಿದ್ದರೆ ಮೆಕ್ಕೆಜೋಳದ ಹಿಟ್ಟು ಉದುರಿಸಿ ಬಿಟ್ಟು ಗುಡಿಸಬಹುದು. ಬಾಲ್ ಪೆನ್ನಿನ ಶಾಯಿಯನ್ನು ಮುಟ್ಟದಿರುವುದೇ ಮೇಲು: ಆಲ್ಕೋಹಾಲ್ ತಾಕಿದರೆ ಸಣ್ಣ ಗೆರೆ ದೊಡ್ಡ ನೀಲಿ ಮೋಡವಾಗುತ್ತದೆ.

ಬೂಷ್ಟು, ಹೊಗೆ, ನುಸಿಗುಳಿಗೆಯ ವಾಸನೆ ಹೋಗಿಸುವುದು ಹೇಗೆ?

ಬೂಷ್ಟು ಕಂಡ ಉಡುಪನ್ನು ಬೇರೆ ಬಟ್ಟೆಗಳಿಂದ ದೂರವಿಟ್ಟು, ಪೂರ್ತಿ ಒಣಗಿಸಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೃದುವಾದ ಕುಂಚದಿಂದ ಗುಡಿಸಬೇಕು. ಒದ್ದೆಯಿದ್ದಾಗ ಗುಡಿಸಿದರೆ ಬೂಷ್ಟು ನೂಲಿನೊಳಕ್ಕೆ ಸವರಿಹೋಗುತ್ತದೆ. ವಾಸನೆಗೆ ಗಾಳಿಯೇ ಮೊದಲ ಮದ್ದು. ಅದು ಸಾಲದಿದ್ದರೆ, ಮುಚ್ಚಳವಿರುವ ದೊಡ್ಡ ಡಬ್ಬಿಯಲ್ಲಿ ಒಂದು ಬಟ್ಟಲು ಅಡಿಗೆ ಸೋಡಾ ಇಟ್ಟು, ಅದಕ್ಕೆ ತಾಕದಂತೆ ಉಡುಪನ್ನು ಕೆಲವು ದಿನ ಇರಿಸಬಹುದು. ಸೋಡಾವನ್ನು ಉಡುಪಿನ ಮೇಲೆಯೇ ಸುರಿದರೆ ಹೊಲಿಗೆಗಳಲ್ಲಿ ಸೇರಿಕೊಂಡ ಪುಡಿಯನ್ನು ತೆಗೆಯಲಾಗದು. ಸುವಾಸನೆಯ ಸಿಂಪಡಿಕೆಗಳು ವಾಸನೆಯನ್ನು ಮುಚ್ಚಿಡುವುದರಿಂದ ಕೊಳ್ಳುವವರಿಗೆ ಮೋಸ ಮಾಡಿದಂತಾಗುತ್ತದೆ, ಬಟ್ಟೆಗೂ ಕಲೆ ಹಿಡಿಯಬಹುದು. ಹೊಗೆಯ ಕಮಟು ಉಳಿದೇ ಉಳಿದರೆ ಅದನ್ನು ಬರೆದು ತಿಳಿಸಬೇಕು. ಅದರಿಂದ ಉಸಿರಾಟದ ತೊಂದರೆಯಾಗುವವರಿದ್ದಾರೆ.

ನುಸಿ ಅಥವಾ ಅದರ ಮೊಟ್ಟೆಗಳಿರಬಹುದೆಂಬ ಅನುಮಾನವಿದ್ದರೆ?

ಉಣ್ಣೆ, ಫೆಲ್ಟ್, ತುಪ್ಪಳ ಮತ್ತು ರೇಷ್ಮೆಯಲ್ಲಿ ಈ ಅನುಮಾನ ಸಹಜ. ಉಡುಪನ್ನು ತೆಳುಕಾಗದದಲ್ಲಿ ಸುತ್ತಿ, ಪಾಲಿಥೀನ್ ಚೀಲಕ್ಕೆ ಹಾಕಿ, ಗಾಳಿ ತೆಗೆದು ಬಾಯಿ ಮುಚ್ಚಿ, −18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕೆಳಗಿನ ಶೈತ್ಯದಲ್ಲಿ ಎರಡು ವಾರ ಇಡಬೇಕು. ಹೊರತೆಗೆದ ಮೇಲೆ ಚೀಲವನ್ನು ಒಂದು ಪೂರ್ತಿ ದಿನ ತೆರೆಯಬಾರದು, ತೆರೆದರೆ ತಣ್ಣನೆಯ ಬಟ್ಟೆಯ ಮೇಲೆ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ಪ್ಲಾಸ್ಟಿಕ್, ಬಣ್ಣ ಬಳಿದ ಭಾಗ ಅಥವಾ ಮಣಿಗಳಿರುವ ಉಡುಪಿಗೆ ಈ ಉಪಾಯ ಬೇಡ, ಚಳಿಗೆ ಅವು ಬಿರುಕು ಬಿಡಬಹುದು. ನುಸಿಗುಳಿಗೆಗಳ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುವುದರಿಂದ ಗೊಂಬೆಯ ಸಾಮಾನಿನ ಜೊತೆ ಅವನ್ನು ಇಡುವುದೂ ಸರಿಯಲ್ಲ.

ತೊಳೆದ ಉಡುಪನ್ನು ಮತ್ತೆ ಗೊಂಬೆಗೆ ತೊಡಿಸಿ ಮಾರಬಹುದೇ?

ಛಾಯಾಚಿತ್ರಕ್ಕಾಗಿ ಸ್ವಲ್ಪ ಹೊತ್ತು ತೊಡಿಸಬಹುದು, ಆದರೆ ಒಂದು ಚೂರು ತೇವವೂ ಉಳಿದಿರಬಾರದು. ವಿನೈಲ್ ಎಂಬ ಮೃದು ಪ್ಲಾಸ್ಟಿಕ್ಕಿನ ಮೈಯ ಗೊಂಬೆಗಳು ಕಡು ಕೆಂಪು, ಕಪ್ಪು ಮತ್ತು ನೀಲಿ ಬಟ್ಟೆಗಳ ಬಣ್ಣವನ್ನು ಹೀರಿಕೊಳ್ಳುತ್ತವೆ. ಆ ಕಲೆ ವಿನೈಲಿನ ಒಳಕ್ಕೆ ಇಳಿಯುವುದರಿಂದ ಒರೆಸಿದರೆ ಹೋಗುವುದಿಲ್ಲ. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಮೊದಲು ಕಾಣಿಸಿಕೊಂಡ ಬಾರ್ಬಿಯ ಆರಂಭದ ಗೊಂಬೆಗಳಲ್ಲಿ ಕಿವಿಯ ಸುತ್ತ ಹಸಿರು ಮಚ್ಚೆ ಬೀಳುವುದನ್ನು ಸಂಗ್ರಾಹಕರು ಚೆನ್ನಾಗಿ ಬಲ್ಲರು. ಲೋಹದ ಓಲೆ ಮತ್ತು ವಿನೈಲ್ ಬಹುಕಾಲ ಒಂದಕ್ಕೊಂದು ತಾಗಿದ್ದರ ಫಲ ಅದು. ಕಿಲುಬು ಹಿಡಿದ ಪ್ರೆಸ್ ಬಟನ್ನು ಬೆನ್ನಿಗೆ ಒತ್ತಿಕೊಂಡರೂ ಅಂಥದೇ ತೊಂದರೆ ಆಗಬಹುದು. ಬಟ್ಟೆಯನ್ನೂ ಗೊಂಬೆಯನ್ನೂ ಬೇರೆ ಬೇರೆಯಾಗಿ ಸುತ್ತಿ ಕಳುಹಿಸಿ.

ಇಸ್ತ್ರಿ ಮತ್ತು ಗಂಜಿ?

ಅಸಿಟೇಟ್ ಮತ್ತು ನೈಲಾನ್ ಬಿಸಿಗೆ ಕರಗುತ್ತವೆ. ಅತಿ ಕಡಿಮೆ ಶಾಖದಲ್ಲಿ, ಒಳಮೈಯಿಂದ, ನಡುವೆ ತೆಳುವಾದ ಹತ್ತಿ ಬಟ್ಟೆಯಿಟ್ಟು ಒತ್ತಬೇಕು. ಕಸೂತಿಯನ್ನು ಮೆತ್ತನೆಯ ಟವೆಲಿನ ಮೇಲೆ ಕವುಚಿ ಹಾಕಿ ಒತ್ತಿದರೆ ಉಬ್ಬು ಉಳಿಯುತ್ತದೆ. ಮಖಮಲ್ಲಿಗೆ ಇಸ್ತ್ರಿ ಬೇಡ. ಕಲೆ ಪೂರ್ತಿ ಹೋಗಿದೆಯೆಂದು ಖಚಿತವಾಗುವ ತನಕ ಯಾವ ಬಟ್ಟೆಗೂ ಬಿಸಿ ತಾಕಿಸಬಾರದು. ಗಂಜಿ ಹಾಕಿದ ಲಂಗ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಗಂಜಿ ಹುಳುಗಳಿಗೆ ಆಹಾರ, ಮಡಿಕೆಯಲ್ಲಿ ನೂಲು ಮುರಿಯಲು ಕಾರಣ. ಅದನ್ನು ಕೊಳ್ಳುವವರ ಇಷ್ಟಕ್ಕೆ ಬಿಡುವುದು ಒಳ್ಳೆಯದು.

ವಾಷಿಂಗ್ ಮಷೀನ್ ಬಳಸಬಹುದೇ?

ಬೇಡ. ಚೀಲದಲ್ಲಿ ಹಾಕಿದರೂ ಬೇಡ.

ಹೆಸರಿನ ಪಟ್ಟಿ ಮಾಸಿದ್ದರೆ ಅಥವಾ ಗುಂಡಿ ಕಳೆದಿದ್ದರೆ?

ಕತ್ತಿನ ಬಳಿ ಹೊಲಿದ ತಯಾರಕರ ಪಟ್ಟಿಯೇ ಉಡುಪಿನ ಗುರುತಿನ ಚೀಟಿ. ಅದು ಮಾಸಿದ್ದರೂ, ಒಂದು ತುದಿ ಬಿಟ್ಟುಕೊಂಡಿದ್ದರೂ, ಉಜ್ಜಬಾರದು ಮತ್ತು ಕತ್ತರಿಸಬಾರದು. ಮುದ್ರಿಸಿದ ಪಟ್ಟಿಯ ಅಕ್ಷರಗಳು ನೀರಿಗೇ ಅಳಿಯಬಹುದು. ಬಿಟ್ಟುಹೋದ ಹೊಲಿಗೆಯನ್ನು ಅದೇ ತೂತುಗಳಲ್ಲಿ, ಅದೇ ಬಣ್ಣದ ಹತ್ತಿ ದಾರದಿಂದ ಹಾಕಿ. ಕಳೆದ ಗುಂಡಿಗೆ ಹೊಸದನ್ನು ಹೊಲಿದಿದ್ದರೆ ಹೇಳಬೇಕು. ತೆಗೆದ ಹಳೆಯ ಗುಂಡಿ ನಿಮ್ಮಲ್ಲಿದ್ದರೆ, ತುಕ್ಕು ಹಿಡಿದದ್ದಾದರೂ ಸರಿ, ಸಣ್ಣ ಲಕೋಟೆಯಲ್ಲಿ ಹಾಕಿ ಉಡುಪಿನ ಜೊತೆಗೆ ಕಳುಹಿಸಬೇಕು.

ಮಾರಾಟದ ವಿವರಣೆಯಲ್ಲಿ ಶುಚಿಗೊಳಿಸಿದ್ದನ್ನು ಬರೆಯಬೇಕೇ?

ಬರೆಯಲೇಬೇಕು. ಏನನ್ನು ಬಳಸಿ ತೊಳೆದಿರಿ, ಯಾವ ಕಲೆ ಹೋಯಿತು, ಯಾವುದು ಉಳಿದಿದೆ, ಯಾವ ಹೊಲಿಗೆ ನಿಮ್ಮದು ಎಂಬುದನ್ನು ನೇರವಾಗಿ ಬರೆಯಿರಿ. ‘ಕಾಲಕ್ಕೆ ತಕ್ಕ ಸ್ಥಿತಿಯಲ್ಲಿದೆ’ ಎಂಬ ಮಾತು ಏನನ್ನೂ ತಿಳಿಸುವುದಿಲ್ಲ; ‘ಎಡತೋಳಿನ ಕೆಳಗೆ ಸಾಸಿವೆ ಗಾತ್ರದ ಕಂದು ಚುಕ್ಕೆ ಇದೆ, ಹಿಂದಿನ ಕೆಳಗಿನ ಗುಂಡಿ ಹೊಸದು’ ಎಂದರೆ ಎಲ್ಲವೂ ತಿಳಿಯುತ್ತದೆ. ತೊಳೆಯುವ ಮೊದಲು ತೆಗೆದ ಚಿತ್ರವನ್ನೂ ಜೊತೆಗೆ ಹಾಕುವುದು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಪದ್ಧತಿ. ಚಿತ್ರಗಳನ್ನು ಹಗಲು ಬೆಳಕಿನಲ್ಲಿ ತೆಗೆಯಬೇಕು, ಬಣ್ಣ ಹೆಚ್ಚಿಸುವ ತಿದ್ದುಪಡಿ ಮಾಡಬಾರದು. ತೊಳೆಯದೆ ಬಿಟ್ಟಿದ್ದರೆ ಅದಕ್ಕೂ ಕಾರಣ ಕೊಡಿ: ಕೆಂಪು ಪಟ್ಟಿಯ ಬಣ್ಣ ಬಿಡುತ್ತಿತ್ತು ಎಂದು ತಿಳಿದ ಸಂಗ್ರಾಹಕರು ಅದನ್ನು ನೀರಿಗೆ ಹಾಕುವುದಿಲ್ಲ.

ಮಾರಾಟವಾಗುವ ತನಕ ಹೇಗೆ ಇಡಬೇಕು?

ಆಮ್ಲರಹಿತ ತೆಳುಕಾಗದವನ್ನು ತೋಳು ಮತ್ತು ಲಂಗದೊಳಗೆ ಸಡಿಲವಾಗಿ ತುಂಬಿ, ಮಡಿಸದೆ, ರಟ್ಟಿನ ಪೆಟ್ಟಿಗೆಯಲ್ಲಿ ಒಣ ಜಾಗದಲ್ಲಿಡಿ. ಪ್ಲಾಸ್ಟಿಕ್ ಬೂಟು, ಪರ್ಸು, ರಬ್ಬರಿನ ಭಾಗಗಳನ್ನು ಬಟ್ಟೆಗೆ ತಾಗದಂತೆ ಬೇರೆ ಪೊಟ್ಟಣದಲ್ಲಿ ಇಡಬೇಕು, ಏಕೆಂದರೆ ಹಳೆಯ ಮೃದು ಪ್ಲಾಸ್ಟಿಕ್ ಜಿಗುಟಾಗುತ್ತಾ ತನ್ನ ಎಣ್ಣೆಯಂಶವನ್ನು ಬಟ್ಟೆಗೆ ಬಿಡುತ್ತದೆ. ಲೋಹದ ಪಿನ್ನು, ರಬ್ಬರ್ ಬ್ಯಾಂಡು ಮತ್ತು ಅಂಟುಟೇಪನ್ನು ಉಡುಪಿನ ಹತ್ತಿರ ಸುಳಿಯಗೊಡಬೇಡಿ. ಕಳುಹಿಸುವ ದಿನ ಪ್ಲಾಸ್ಟಿಕ್ ಚೀಲದಲ್ಲಿ ಹಾಕುವುದಾದರೆ, ಉಡುಪನ್ನು ಮೊದಲು ತೆಳುಕಾಗದದಲ್ಲಿ ಸುತ್ತಿ, ತಲುಪಿದ ಕೂಡಲೇ ಚೀಲದಿಂದ ತೆಗೆಯಬೇಕೆಂಬ ಚೀಟಿಯನ್ನು ಮೇಲೆ ಇಡಿ.